ಅನ್ನದಾನಮ್ಮ ಹೊಸ್ತಿಲಿಗೆ ಅಡ್ಡ ಕೂತದ್ದು

ಕಾಶಿಯಲ್ಲಿ ಪುಣ್ಯಕ್ಕೆ ಬರವಿಲ್ಲ, ಬರವಿರುವುದು ಯಾತ್ರಿಕರ ಸಮಯಕ್ಕೆ. ಬೆಳಿಗ್ಗೆ ಗಂಗೆಯಲ್ಲಿ ಮುಳುಗಿ, ವಿಶ್ವನಾಥನಿಗೆ ಕೈಮುಗಿದು, ಸೀರೆ ಅಂಗಡಿಯಲ್ಲಿ ಅರ್ಧ ದಿನ ಕಳೆದು, ಸಂಜೆಯ ರೈಲು ಹಿಡಿಯಬೇಕಾದವರಿಗೆ ದಾರಿಯಲ್ಲೇ ಎಲ್ಲಾದರೂ ಒಂದಿಷ್ಟು ಹೆಚ್ಚುವರಿ ಪುಣ್ಯ ಸಿಕ್ಕಿಬಿಟ್ಟರೆ ಅನುಕೂಲ. ಅಂಥವರ ಕಣ್ಣಿಗೆ ಅನ್ನದಾನಮ್ಮ ಬೀಳುತ್ತಿದ್ದಳು.

ಗೋದೌಲಿಯಾದಿಂದ ಒಳಕ್ಕೆ ತಿರುಗಿ, ಒಂದು ಗೂಳಿಗೂ ಒಂದೆರಡು ಸ್ಕೂಟರಿಗೂ ದಾರಿ ಬಿಟ್ಟುಕೊಟ್ಟರೆ ಹಾಲಗಟ್ಟಿ ಮಠದ ಕಾಶೀ ಶಾಖೆ ಸಿಗುತ್ತದೆ. ಅದರ ಬಾಗಿಲ ಪಕ್ಕದಲ್ಲಿ, ಬೇರಿಂಗಿನ ಗಾಲಿಗಳ ಮೇಲೆ ಕೂರಿಸಿದ ಗಿಡ್ಡ ಹಲಗೆಯ ಮೇಲೆ ಕೂತು ಅವಳು ಶಿವದಾರ ಹೊಸೆಯುತ್ತಿದ್ದಳು. ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ದಾರ ಅದು. ಊರಿನಿಂದ ಬಂದ ಲಿಂಗವಂತರು ಕಾಶಿಯ ದಾರವೆಂದು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ದಾರ ಕಾಣದೆ ಅವಳ ಸೊರಗಿದ ಕಾಲು ಮಾತ್ರ ಕಂಡವರು ಮಡಿಲಿಗೊಂದು ಬಾಳೆಹಣ್ಣು ಹಾಕಿ, ಕಣ್ಣು ಮುಚ್ಚಿ ಕೈಮುಗಿದು ಮುಂದೆ ಹೊರಡುತ್ತಿದ್ದರು.

"ಯಜಮಾನ್ರ, ನಿಂದರ್ರಿ," ಎಂದು ಕರೆಯುತ್ತಿದ್ದಳು ಅನ್ನದಾನಮ್ಮ. "ಬಾಳಿಹಣ್ಣು ಕೊಟ್ರಿ, ಛಲೋ ಆತು. ಸಿಪ್ಪಿ ಸುಲದು ಕೊಡ್ರಲ್ಲ. ಅರ್ಧಾ ಪುಣ್ಯಾ ತಗೊಂಡು ಹೊಂಟ್ರ ಹೆಂಗ?"

ಆ ಮನುಷ್ಯ ತಿರುಗಿ ಬಂದು, ಹೆಂಡತಿಯ ಎದುರಿಗೆ ನಾಚಿಕೊಂಡು, ಸಿಪ್ಪೆ ಸುಲಿಯಬೇಕು. ಸಿಪ್ಪೆಯನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮಠದೊಳಗೆ ಹೋಗಬೇಕು. ಅನ್ನದಾನಮ್ಮ ಹಣ್ಣನ್ನು ಮಾತ್ರ ಬಹಳ ಸಾವಧಾನವಾಗಿ ತಿನ್ನುತ್ತಿದ್ದಳು.

ಅವಳ ಅಪ್ಪ ಸೋಮಲಿಂಗಯ್ಯ ವಿಜಾಪುರದ ಕಡೆಯಿಂದ ಮಠದ ಅಡುಗೆಗೆಂದು ಬಂದವನು. ಮಗಳಿಗೆ ನಡೆಯುವುದು ರೂಢಿಯಾಗುವ ಹೊತ್ತಿಗೆ ಜ್ವರ ಬಂತು. ಹೋಗುವಾಗ ಕಾಲುಗಳನ್ನೂ ಜೊತೆಗೆ ಒಯ್ದಿತು. ಅವ್ವ ಹೆಚ್ಚು ಅಳುವ ಹೆಂಗಸಲ್ಲ. ಅಂಗಳದಾಚೆಯ ಉಗ್ರಾಣದ ನೆಲದಲ್ಲಿ ಹೂತ ದೊಡ್ಡ ಬೀಸುವ ಕಲ್ಲಿತ್ತು. ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದು ತಿರುಗಿಸುವಂಥದು. ಅವ್ವ ಮಗಳನ್ನು ಒಯ್ದು ಆಚೆ ಮಗ್ಗುಲಿಗೆ ಕೂರಿಸಿದಳು. ಬೀಸುವ ಕಲ್ಲಿಗೆ ಕೈ ಇದ್ದರೆ ಸಾಕು, ಕಾಲಿನ ವಿಚಾರ ಅದು ಕೇಳುವುದಿಲ್ಲ. ಮಠಕ್ಕೆ ಬಂದುಹೋದ ಅದೆಷ್ಟೋ ಯಾತ್ರಿಕರ ರೊಟ್ಟಿಯ ಹಿಟ್ಟು ಆ ತಾಯಿ ಮಗಳ ನಡುವೆ ಉದುರಿತು. ಅನ್ನದಾನಮ್ಮನ ತೋಳುಗಳು ಬನಾರಸಿನ ಅಖಾಡದ ಪೈಲ್ವಾನರೂ ತಿರುಗಿ ನೋಡುವ ಹಾಗೆ ಬೆಳೆದವು.

ಅವಳನ್ನು ಯಾರೂ ಎತ್ತಬಾರದೆಂಬ ನಿಯಮ ಹುಟ್ಟಿದ್ದು ಪ್ರಾಯದಲ್ಲಿ. ಮಾಘ ಸ್ನಾನಕ್ಕೆ ಬಂದ ದಪ್ಪನೆಯ ಸಾಹುಕಾರನೊಬ್ಬ ಒಂದು ಮುಂಜಾನೆ ಹೇಳದೆ ಕೇಳದೆ ಅವಳನ್ನು ಬಾಚಿ ಎತ್ತಿಕೊಂಡು ಘಾಟಿಗೆ ಒಯ್ದು, ಕೊರೆಯುವ ಗಂಗೆಯಲ್ಲಿ ಮುಳುಗಿಸಿ ತೆಗೆದು, ಒದ್ದೆ ಮೂಟೆಯ ಹಾಗೆ ತಂದು ಮೊದಲಿದ್ದಲ್ಲೇ ಇಟ್ಟು, "ಇನ್ನ ಚಿಂತಿಲ್ಲವ್ವಾ ನಿನಗ," ಎಂದು ಹೇಳಿ ಹೋದ. ಚಿಂತೆಯಿಲ್ಲದ್ದು ಅವನಿಗೆ. ಅವಳು ವಾರವಿಡೀ ನಡುಗಿದಳು. ಎದ್ದು ಕೂತ ಮೇಲೆ ಅಪ್ಪನಿಗೆ ಹೇಳಿದಳು: "ಇನ್ನ ಮ್ಯಾಲೆ ಯಾರರ ನನ್ನ ಎತ್ತಿದ್ರ ಕಡೀತೇನಿ. ನೀ ಎತ್ತಿದ್ರೂ." ಸೋಮಲಿಂಗಯ್ಯ ಭೇಲೂಪುರದ ಮೆಕ್ಯಾನಿಕನೊಬ್ಬನ ಕಾಲು ಹಿಡಿದು, ಹಳೆಯ ಬೇರಿಂಗು ತಂದು, ಹಲಗೆಗೆ ಜೋಡಿಸಿಕೊಟ್ಟ. ಕೈಗೆ ಟೈರಿನ ತುಂಡು ಬಡಿದ ಎರಡು ಮರದ ಗುಂಡು. ಅವುಗಳಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತ ಅನ್ನದಾನಮ್ಮ ಗಲ್ಲಿಗೆ ಇಳಿದರೆ ಕಲ್ಲುಚಪ್ಪಡಿಯ ಮೇಲೆ ಆ ಗಾಲಿಗಳು ಎಬ್ಬಿಸುವ ಗದ್ದಲಕ್ಕೆ ನಾಯಿಗಳು ಎದ್ದು ಜಾಗ ಬಿಡುತ್ತಿದ್ದವು. ಗೂಳಿ ಬಿಡುತ್ತಿರಲಿಲ್ಲ. ಅದು ಕಾಶಿಯ ಗೂಳಿ.

ಕಾಲ ಉರುಳಿತು. ಅಪ್ಪ ಹೋದ, ಅವ್ವ ಹೋದಳು, ಹಿಟ್ಟಿನ ಗಿರಣಿ ಬಂತು. ದೊಡ್ಡ ನೆರೆಯ ವರ್ಷ ಗಂಗೆ ಅಂಗಳಕ್ಕೇ ಬಂದು ಉಗ್ರಾಣದ ಜೋಳ ನೆನೆಸಿದ್ದರಿಂದ ಅದರ ಬಾಗಿಲಿಗೆ ಮೊಳಕಾಲೆತ್ತರದ ಕಲ್ಲಿನ ಹೊಸ್ತಿಲು ಕಟ್ಟಿದರು. ಆಮೇಲೆ ಗಂಗೆ ಒಳಗೆ ಬರಲಿಲ್ಲ, ಅನ್ನದಾನಮ್ಮನೂ ಹೋಗಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲವೆನ್ನಿ, ಖಾಲಿ ಕೋಣೆ. ಅಗತ್ಯ ಹುಟ್ಟಿಸಿದವರು ಶಂಭುಲಿಂಗಯ್ಯನವರು.

ಶಂಭುಲಿಂಗಯ್ಯನವರು ರೈಲ್ವೆಯಲ್ಲಿ ಹಿರಿಯ ಹುದ್ದೆಯಿಂದ ನಿವೃತ್ತರಾಗಿ, ಕಾಶಿಯಲ್ಲೇ ನೆಲೆನಿಂತು, ಮಠಕ್ಕೆ ಗೌರವ ಕಾರ್ಯದರ್ಶಿಗಳಾದವರು. ನಿವೃತ್ತಿ ಅವರ ಮೈಗೆ ಹತ್ತಿರಲಿಲ್ಲ. ಪೂಜೆಯ ಗಂಟೆ ಸ್ವಲ್ಪ ತಡವಾದರೂ ವಾಚು ನೋಡುತ್ತಿದ್ದರು. ಮಠದಲ್ಲಿ ಅಟ್ಟ ಸೇರಿದ್ದ ಹಿಂದಿನ ಸ್ವಾಮಿಗಳ ಪಾದುಕೆ, ದೀಪದ ಮಲ್ಲಿಗಳು, ತಾಳೆಗರಿಯ ಕಟ್ಟು, ಲಿಂಗವಿಡುವ ಬೆಳ್ಳಿಯ ಕರಡಿಗೆಗಳನ್ನು ಇಳಿಸಿ ಉಗ್ರಾಣದಲ್ಲಿ ಸಂಗ್ರಹಾಲಯ ಮಾಡಿದರು. ಎತ್ತರದ ಮೇಜುಗಳು ಬಂದವು, ಅವುಗಳ ಮೇಲೆ ಗಾಜಿನ ಪೆಟ್ಟಿಗೆಗಳು ಬಂದವು. ಒಂದೇ ಬಾಗಿಲಿದ್ದರೂ ಎಡಗಡೆಗೆ 'ಪ್ರವೇಶ', ಬಲಗಡೆಗೆ 'ನಿರ್ಗಮನ' ಎಂಬ ಹಲಗೆಗಳು ಬಂದವು. ಒಳಗೋಡೆಗೆ ಅಮೃತಶಿಲೆಯ ಫಲಕ ಬಂತು. ಅದರಲ್ಲಿ ಗುರುಗಳ ಹೆಸರಿನ ಕೆಳಗೆ, ಹೆಚ್ಚೇನೂ ಚಿಕ್ಕದಲ್ಲದ ಅಕ್ಷರಗಳಲ್ಲಿ, ಶಂಭುಲಿಂಗಯ್ಯನವರ ಹೆಸರು. ನೆಲದಲ್ಲಿ ಹೂತಿದ್ದ ಬೀಸುವ ಕಲ್ಲನ್ನು ಕೀಳಿಸಲು ನೋಡಿದರು, ಅದು ಏಳಲಿಲ್ಲ. ಹಾಗಾದರೆ ಅದೂ ಪ್ರಾಚೀನ ವಸ್ತುವೇ ಎಂದು ತೀರ್ಮಾನಿಸಿ ಅದರ ಮೇಲಿನ ಗೋಡೆಗೆ 'ಮುಟ್ಟಬಾರದು' ಎಂದು ಬರೆಸಿ ತೂಗಿಬಿಟ್ಟರು.

ಅನ್ನದಾನಮ್ಮ ಹೊಸ್ತಿಲವರೆಗೆ ಬಂದು ನೋಡಿದಳು. ಮೇಜಿನ ಕಾಲುಗಳ ಕಾಡಿನಾಚೆ ಅವ್ವನ ಕಲ್ಲು ಕಾಣಿಸಿತು.

"ನಾ ಒಳಗ ಬರಬೇಕ್ರಿ," ಎಂದಳು.

"ಅದಕ್ಕೇನು, ಇಬ್ಬರನ್ನು ಕರೆಸಿ ಎತ್ತಿಸುತ್ತೇನೆ," ಎಂದರು ಶಂಭುಲಿಂಗಯ್ಯನವರು. ಅವರು ಮಾತಾಡುವ ಕನ್ನಡ ಯಾವಾಗಲೂ ಹತ್ತಿರದಲ್ಲೇ ಧ್ವನಿವರ್ಧಕ ಇದೆಯೆಂಬ ಧೈರ್ಯದ್ದು.

"ಎತ್ತಬ್ಯಾಡ್ರಿ. ನಾನ ಬರತೇನಿ. ಹೊಸ್ತಿಲಾ ಇಳಿಸ್ರಿ."

"ಹೊಸ್ತಿಲು ಇಳಿಸುವುದೇ! ಲಕ್ಷ್ಮಿ ಇರುವ ಜಾಗ."

"ಲಕ್ಷ್ಮಿ ಇರವೊಲ್ಲಳ್ಯಾಕ. ಸ್ವಲ್ಪ ಕೆಳಗ ಇರ್ಲಿ."

ಮಾತು ಅಲ್ಲಿಗೆ ನಿಂತಿತು. ಒಳಗೆ ಹೋಗಿಬಂದ ಯಾತ್ರಿಕರು ಅವಳನ್ನು ಸಮಾಧಾನಪಡಿಸುತ್ತಿದ್ದರು: "ಒಳಗ ಏನೂ ಇಲ್ಲವ್ವಾ, ನೀ ಪುಣ್ಯವಂತಿ. ಒಂದು ಬೀಸೂ ಕಲ್ಲೈತಿ. ನಮ್ಮ ಮನ್ಯಾಗೂ ಐತಿ." ಅನ್ನದಾನಮ್ಮನ ದಾರ ಆ ದಿನ ಸ್ವಲ್ಪ ಹೆಚ್ಚು ಬಿಗಿಯಾಗಿ ಹೊಸೆದಿರುತ್ತಿತ್ತು.

ತೊಂಬತ್ತೆರಡರ ಮಾಘದ ಹೊತ್ತಿಗೆ ಈ ಕಥೆಗೆ ಕಾತ್ಯಾಯನಿ ಬಂದಳು. ಭೇಲೂಪುರದಲ್ಲಿರುವ ಕನ್ನಡದ ಪುರೋಹಿತರ ಮನೆಯ ಹುಡುಗಿ. ಸಾರನಾಥದ ಚಿಕ್ಕದೊಂದು ಸಂಸ್ಥೆಯ ವಸ್ತುಸಂಗ್ರಹ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಕನ್ನಡ, ಆಟೋದಲ್ಲಿ ಹಿಂದಿ, ಸಿಟ್ಟು ಬಂದರೆ ಎರಡೂ. ದೊಡ್ಡ ಸಂಗ್ರಹಾಲಯಗಳಿಗೆ ಸರಕಾರವಿದೆ, ನಮ್ಮಂಥ ಗಿಡ್ಡ ಕೋಣೆಗಳಿಗೆ ನಾವೇ ದಿಕ್ಕು ಎಂದು ಅವಳು ಊರಿನ ಸಣ್ಣ ಸಂಗ್ರಹಗಳವರ ಬಳಗವೊಂದನ್ನು ಕಟ್ಟಿದ್ದಳು. ಅದಕ್ಕೆ ಅಧ್ಯಕ್ಷರಿರಲಿಲ್ಲ. ಭಾಷಣವಿರಲಿಲ್ಲ. ತಿಂಗಳಿಗೊಮ್ಮೆ ಒಬ್ಬರ ಜಾಗದಲ್ಲಿ ಸೇರುವುದು, ಅಲ್ಲಿ ಯಾರಿಗೆ ಬರಲಾಗುತ್ತಿಲ್ಲ, ಬಂದವರಿಗೆ ಏನು ತಿಳಿಯುತ್ತಿಲ್ಲ ಎಂದು ಅವರೇ ಒಪ್ಪಿಕೊಳ್ಳುವುದು, ಉಳಿದವರು ತಮಗೆ ತೋಚಿದ್ದು ಹೇಳುವುದು. ಕಲಿಸುವವರು ಬೇರೆ, ಕಲಿಯುವವರು ಬೇರೆ ಎಂದಿರಲಿಲ್ಲ.

ಸಾರನಾಥದ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ತಪ್ಪು ಹೇಳಿಕೊಂಡರು. ಗಂಗೆಯಾಚೆಯ ರಾಮನಗರದಲ್ಲಿ ಹಳೆಯ ದೋಣಿ, ಹುಟ್ಟು, ಲಂಗರುಗಳನ್ನು ಒಂದು ಕೋಣೆಯಲ್ಲಿ ಕೂಡಿಟ್ಟಿದ್ದ ನಾವಿಕ ಮೇವಾಲಾಲ, ಚೀಟಿಗಳನ್ನೆಲ್ಲ ಬರೆಸಿದ್ದೇನೆ, ಆದರೆ ನೋಡಲು ಬರುವ ನನ್ನ ಜನಕ್ಕೆ ಓದಲು ಬಾರದು ಎಂದ. ಹೊಸದಾಗಿ ಬಳಗ ಸೇರಿದ್ದ ಶಂಭುಲಿಂಗಯ್ಯನವರ ಸರದಿ ಬಂತು. ಅವರು ಎದ್ದು ನಿಂತು, ಶಾಲು ಸರಿಪಡಿಸಿಕೊಂಡು, "ನಮ್ಮಲ್ಲಿ ತಪ್ಪುಗಳಿಲ್ಲ. ಅದೇ ನಮ್ಮ ತೊಂದರೆ," ಎಂದರು.

"ಬಾಗಿಲಲ್ಲಿ ದಾರ ಹೊಸೀತಾ ಕೂತಿರ್ತಾರಲ್ಲ, ಅನ್ನದಾನಮ್ಮ," ಎಂದಳು ಕಾತ್ಯಾಯನಿ, "ಅವರು ಒಳಗೆ ಬಂದಿದ್ದಾರಾ?"

ಶಂಭುಲಿಂಗಯ್ಯನವರು ಶಾಲನ್ನು ಮತ್ತೊಮ್ಮೆ ಸರಿಪಡಿಸಿಕೊಂಡು ಕೂತುಬಿಟ್ಟರು. ಮರಳುವ ಬಸ್ಸಿನುದ್ದಕ್ಕೂ ಯೋಚಿಸಿದರು. ಅವರು ಕೆಟ್ಟ ಮನುಷ್ಯರಲ್ಲ; ಯಾವ ಒಳ್ಳೆಯ ಕೆಲಸವನ್ನಾದರೂ ಸಮಾರಂಭವಿಲ್ಲದೆ ಮಾಡಲು ಬರುತ್ತಿರಲಿಲ್ಲ, ಅಷ್ಟೆ. ಗೋದೌಲಿಯಾದಲ್ಲಿ ಇಳಿಯುವ ಹೊತ್ತಿಗೆ ದಾರಿ ಹೊಳೆದಿತ್ತು. ಸಂಗ್ರಹಾಲಯದ ಒಂದು ಮೂಲೆಯಲ್ಲಿ ಮಠದ ಹಳೆಯ ಅಡ್ಡಪಲ್ಲಕ್ಕಿ ಇದೆಯಲ್ಲ! ಜಗದ್ಗುರುಗಳನ್ನು ಕೂರಿಸಿ, ಬೀದಿಗೆ ಅಡ್ಡವಾಗಿ ಹೊತ್ತು, ಇಡೀ ಬೀದಿಯೇ ದಾರಿ ಬಿಡುವಂತೆ ಮೆರೆಸುವ ಪಲ್ಲಕ್ಕಿ. ಮುಂದಿನ ಸಭೆ ಹೇಗೂ ಮಠದಲ್ಲೇ. ಊರಿನಿಂದ ಸ್ವಾಮಿಗಳೂ ಬರುವವರಿದ್ದಾರೆ. ಅನ್ನದಾನಮ್ಮನನ್ನು ಹೂವಿನ ಪಲ್ಲಕ್ಕಿಯಲ್ಲಿ ಕೂರಿಸಿ, ವಾದ್ಯದೊಂದಿಗೆ ಸಂಗ್ರಹಾಲಯ ಪ್ರವೇಶ ಮಾಡಿಸಿದರೆ? ಫೋಟೋದಲ್ಲಿ ತಾವು ಎಲ್ಲಿ ನಿಲ್ಲಬೇಕೆಂಬುದೂ ಅವರಿಗೆ ಸ್ಪಷ್ಟವಾಗಿತ್ತು.

ಬಂದವರೇ ಅವಳಿಗೆ ತಿಳಿಸಿದರು.

"ಬ್ಯಾಡ್ರಿ," ಎಂದಳು ಅನ್ನದಾನಮ್ಮ.

ಶಂಭುಲಿಂಗಯ್ಯನವರು ನಕ್ಕರು. ನಮ್ಮ ಕಡೆ ಮನೆಗೆ ಬಂದವರಿಗೆ ಇನ್ನೊಂದು ಹೋಳಿಗೆ ಬಡಿಸಲು ಹೋದರೆ ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬೇಡವೇ ಬೇಡ ಎನ್ನಬೇಕು. ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬಡಿಸಬೇಕು. ಎರಡೂ ಕಡೆಯ ಮರ್ಯಾದೆ ಅದು. ಮರುದಿನ ಮತ್ತೆ ಕೇಳಿದರು. "ಬ್ಯಾಡಂದೆ." ಅದರ ಮಾರನೆಯ ದಿನವೂ ಕೇಳಿದರು. "ನಿಮಗ ಕಿವಿ ಮಂದ ಅದಾವೇನ್ರಿ? ಬ್ಯಾಡ." ಎಷ್ಟು ಸಂಕೋಚದ ಹೆಂಗಸು ಎಂದು ಮೆಚ್ಚಿಕೊಂಡು ಅವರು ಚೆಂಡು ಹೂವಿಗೆ ಹೇಳಿಕಳಿಸಿದರು.

ಸಭೆಯ ದಿನ ಬೆಳಿಗ್ಗೆ ಮಂಜು ಹರಿಯುವ ಹೊತ್ತಿಗೆ ಅಂಗಳದಲ್ಲಿ ಪಲ್ಲಕ್ಕಿ ಸಿದ್ಧವಾಗಿತ್ತು. ಹೊರುವ ನಾಲ್ವರು ತಲೆಗೆ ರುಮಾಲು ಸುತ್ತಿ ನಿಂತಿದ್ದರು. ಶಹನಾಯಿಯವನು ಕೈಯುಜ್ಜಿಕೊಳ್ಳುತ್ತಿದ್ದ. ಫೋಟೋದವನು ಬಂದಿದ್ದ. ಕಾತ್ಯಾಯನಿ, ಮೇವಾಲಾಲ ಮತ್ತು ಬಳಗದ ಇನ್ನೊಂದಿಷ್ಟು ಜನ ಬಂದರು. ಒಳಗಿನ ಕೋಣೆಯಿಂದ ಸ್ವಾಮಿಗಳೂ ಹೊರಟರು. ಎಲ್ಲರೂ ಸಂಗ್ರಹಾಲಯದ ಬಾಗಿಲಿಗೆ ಬಂದು ನೋಡಿದರೆ, ಹೊಸ್ತಿಲ ಬುಡಕ್ಕೆ ಹಲಗೆಯನ್ನು ಉದ್ದಕ್ಕೆ ಒತ್ತಿ ನಿಲ್ಲಿಸಿ, ಈ ಚೌಕಟ್ಟಿನಿಂದ ಆ ಚೌಕಟ್ಟಿನವರೆಗೆ ಕಾಲು ಚಾಚಿ, ಅನ್ನದಾನಮ್ಮ ಕೂತಿದ್ದಳು. ಮಡಿಲಲ್ಲಿ ದಾರದ ಉಂಡೆ.

"ಅನ್ನದಾನಮ್ಮ! ಗಾಡಿ ಹೊರಡುವ ಹೊತ್ತಿಗೆ ಹಳಿಯ ಮೇಲೆ ಕೂತಿದ್ದೀಯಲ್ಲ!" ಎಂದರು ಶಂಭುಲಿಂಗಯ್ಯನವರು. "ಪಲ್ಲಕ್ಕಿ ಅಲ್ಲಿದೆ."

"ನೋಡೀನ್ರಿ. ಹೂವು ಛಲೋ ಕಟ್ಟ್ಯಾರ."

"ಹತ್ತು ಮತ್ತೆ."

"ಹತ್ತೂದಿಲ್ಲ."

"ಸೌಜನ್ಯಕ್ಕೂ ಒಂದು ಮಿತಿ ಇರುತ್ತದೆ."

"ಇದು ಸೌಜನ್ಯ ಅಲ್ರಿ. ಹಟ."

"ಎಂತೆಂಥವರಿಗೂ ಸಿಗದ ಗೌರವ ಇದು. ಅಡ್ಡಪಲ್ಲಕ್ಕಿ!"

ಅನ್ನದಾನಮ್ಮ ದಾರವನ್ನು ಪಕ್ಕಕ್ಕಿಟ್ಟಳು. "ಕಾರ್ಯದರ್ಶಿಗಳ, ಒಂದ್ ಮಾತ್ ಕೇಳತೇನಿ. ನಮ್ಮ ಮಂದ್ಯಾಗ ಹೂವು ಕಟ್ಟಿ, ನೆಟ್ಟಗ ಕೂಡಿಸಿ, ನಾಕ್ ಮಂದಿ ಹೊತ್ಕೊಂಡು, ಮುಂದ ವಾಜಾ ಬಾರಿಸ್ಕೋತ ಒಯ್ಯೂದು ಯಾರನ್ನ?"

ಲಿಂಗವಂತರು ಸತ್ತವರನ್ನು ಮಲಗಿಸುವುದಿಲ್ಲ. ಹೂವಿನ ವಿಮಾನದಲ್ಲಿ ಕೂರಿಸಿ ಸಮಾಧಿಗೆ ಒಯ್ಯುತ್ತಾರೆ. ಎಲ್ಲರೂ ಒಮ್ಮೆ ಪಲ್ಲಕ್ಕಿಯ ಕಡೆ ನೋಡಿದರು. ಹೊರುವವರು ಅದರ ದಂಡಿಗೆಯಿಂದ ಮೆಲ್ಲಗೆ ಕೈ ತೆಗೆದರು. ಶಹನಾಯಿಯವನಿಗೆ ಕನ್ನಡ ಬಾರದು. ಆದರೂ ವಾದ್ಯ ಕೆಳಗಿಳಿಸಿದ.

"ನನ್ನ ಪಾಳೀನೂ ಬರ್ತೈತಿ," ಎಂದಳು ಅನ್ನದಾನಮ್ಮ. "ಬಂದಾಗ ಹೊರ್ರಿ, ಬ್ಯಾಡ ಅನ್ನೂದಿಲ್ಲ. ಅನ್ನಾಕ ಆಗೂದೂ ಇಲ್ಲ. ಅಲ್ಲೀತನಕಾ ನನ್ನ ಗಾಲಿ ಮ್ಯಾಲೆ ನಾನು. ನಾ ಒಳಗ ಹೋಗೂಮಟಾ ಯಾರೂ ಹೋಗೂದಿಲ್ಲ."

ಶಂಭುಲಿಂಗಯ್ಯನವರ ಮುಖ ಕೆಂಪಾಯಿತು. "ಇದೆಂಥ ದಾಂಧಲೆ! ಬುದ್ಧಿಯವರೇ, ತಾವು ದಯಮಾಡಿಸಬೇಕು," ಎಂದು ಸ್ವಾಮಿಗಳಿಗೆ ಹೇಳಿ, ದಾರಿ ತೋರಿಸಲೆಂದು ಪಂಚೆಯನ್ನು ಮೇಲಕ್ಕೆತ್ತಿ, ಅವಳನ್ನು ದಾಟಲು ಒಂದು ಕಾಲನ್ನೂ ಎತ್ತಿದರು.

"ಶಂಭುಲಿಂಗಯ್ಯ," ಎಂದರು ಸ್ವಾಮಿಗಳು ಮೆಲ್ಲಗೆ, "ಆಕಿ ಕೊರಳಾಗ ಲಿಂಗ ಐತಿ."

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಕೂತ ಮನುಷ್ಯರನ್ನು ದಾಟುವುದೇ ತಪ್ಪು. ಅವರ ಎದೆಯ ಮೇಲೆ ಲಿಂಗವಿದ್ದರೆ ದಾಟಿದಂತಾಗುವುದು ಸಾಕ್ಷಾತ್ ಶಿವನನ್ನೇ. ಅದೂ ಕಾಶಿಯಲ್ಲಿ, ಮಠದಲ್ಲಿ, ಗುರುಗಳ ಎದುರಿಗೆ. ಅವರು ಒಂಟಿಗಾಲಲ್ಲಿ ಒಂದು ಕ್ಷಣ ತೂಗಾಡಿ, ಫೋಟೋದವನ ಹೆಗಲು ಹಿಡಿದು, ಕಾಲನ್ನು ಮೊದಲಿದ್ದಲ್ಲೇ ಇಟ್ಟರು. ಫೋಟೋದವನು ಅಷ್ಟರಲ್ಲಿ ಕ್ಲಿಕ್ಕಿಸಿದ್ದ.

"ಅಚ್ಛಾ," ಎಂದಳು ಕಾತ್ಯಾಯನಿ, ಅಂಗಳದ ಚಾಪೆಯನ್ನು ಎಳೆದು ಹಾಸುತ್ತ. "ಹಾಗಾದ್ರೆ ಸಭೆ ಇಲ್ಲೇ ಆಗಲಿ, ಹೊಸ್ತಿಲ ಈಚೆ. ಇವತ್ತಿನ ತಪ್ಪು ಹುಡುಕಬೇಕಾಗಿಲ್ಲ. ಕಣ್ಮುಂದೆ ಇದೆ."

ಸ್ವಾಮಿಗಳು ಪಲ್ಲಕ್ಕಿಯ ಪಕ್ಕದ ಕಟ್ಟೆಯ ಮೇಲೆ ಕೂತರು. ಕಾಯುವುದು ತಮಗೆ ಅಭ್ಯಾಸವಿದೆ ಎಂದರು.

ಮೇವಾಲಾಲ ಹೊಸ್ತಿಲ ಎತ್ತರ ನೋಡಿ ಹಣೆ ಚಚ್ಚಿಕೊಂಡ. "ಈ ದೇಹರಿ ಹೌ ಕಿ ಘಾಟ್ ಹೌ?" ಇದು ಹೊಸ್ತಿಲೋ ಘಾಟೋ ಎಂದು ಅವನ ಪ್ರಶ್ನೆ. ಆಮೇಲೆ ಬನಾರಸಿ ಮಾತಿನಲ್ಲಿ ಗಟ್ಟಿಯಾಗಿ ವಿವರಿಸಿದ: ದೋಣಿ ಹತ್ತಲು ನಾವು ಹಲಗೆ ಹಾಕುತ್ತೇವೆ, ನೀರು ಏರಿದಂತೆ ಇಳಿದಂತೆ ಅದನ್ನು ಸರಿಸುತ್ತೇವೆ, ಗಂಗಾಮಾಯಿಯನ್ನೇ ಇಳಿಸು ಎಂದು ಯಾರಾದರೂ ಕೇಳುತ್ತಾರೆಯೇ, ಲಕ್ಷ್ಮೀಮಾಯಿಯೂ ಇದ್ದಲ್ಲೇ ಇರಲಿ. ದಶಾಶ್ವಮೇಧ ಘಾಟಿನಲ್ಲಿ ಅವನ ಸೋದರಮಾವನ ದೋಣಿ ಇತ್ತು. ಹೋಗಿ ಉದ್ದನೆಯ ಹಲಗೆಯನ್ನು ಹೊತ್ತು ತಂದು ಹೊಸ್ತಿಲಿಗೆ ಒರಗಿಸಿ, ಮೀಸೆ ತಿರುವಿ, "ಚಲಾ ದೀದಿ," ಎಂದ.

ಅನ್ನದಾನಮ್ಮ ಹಿಂದೆ ಸರಿದು, ಕೈಗುಂಡು ಊರಿ, ಹಲಗೆಗೆ ನುಗ್ಗಿದಳು. ಖಟ್ ಎಂದು ನಿಂತಳು. ನಡೆಯುವವರ ಪಾದ ಜಾರದಿರಲೆಂದು ಹಲಗೆಗೆ ಅಡ್ಡಪಟ್ಟಿಗಳನ್ನು ಬಡಿದಿದ್ದರು. ಪಾದಕ್ಕೆ ಆಸರೆಯಾದದ್ದು ಗಾಲಿಗೆ ಗೋಡೆ.

"ಛಲೋ ಘಾಟು ತಂದೀಯಪಾ," ಎಂದಳು. ಮೇವಾಲಾಲನ ಮೀಸೆ ಕೊಂಚ ಇಳಿಯಿತು. ಹಲಗೆ ಮಗುಚಿ ಹಾಕಿದ. ಆ ಮೈ ನುಣ್ಣಗಿತ್ತು, ನದಿಯ ಪಾಚಿಯ ಪಸೆಯೂ ಇತ್ತು. ಅವಳು ಅರ್ಧಕ್ಕೆ ಏರಿ, ಒಂದು ಕ್ಷಣ ನಿಂತು, ಸರ್ರನೆ ಹಿಂದಕ್ಕೆ ಜಾರಿ ಶಂಭುಲಿಂಗಯ್ಯನವರ ಎರಡೂ ಪಾದಗಳ ನಡುವೆ ಬಂದು ನಿಂತಳು. ಹಿಡಿಯಲು ಹೊರುವವರಿಬ್ಬರು ಓಡಿ ಬಂದರು.

"ಮುಟ್ಟಿದ್ರ ಕಡೀತೇನಿ!"

ಅವರು ಅಲ್ಲೇ ನಿಂತರು. ಹಿಂದಿಯಲ್ಲಿ ಹೇಳದಿದ್ದರೂ ಕೆಲವು ಮಾತು ಅರ್ಥವಾಗುತ್ತವೆ.

ಆಮೇಲೆ ಅಂಗಳದಲ್ಲಿ ನಡೆದದ್ದಕ್ಕೆ ಸಭೆ ಎನ್ನಬಹುದೋ ಜಗಳ ಎನ್ನಬಹುದೋ ಹೇಳುವುದು ಕಷ್ಟ. ಕಾತ್ಯಾಯನಿ ಗೋಣಿತಟ್ಟು ತಂದು ಹಲಗೆಗೆ ಸುತ್ತಿಸಿದಳು. ಗಾಲಿ ಅದರಲ್ಲಿ ಹೂತುಕೊಂಡಿತು. ಒಬ್ಬರು ಬೂದಿ ಎರಚಿ ಎಂದರು, ಎರಚಿದರು, ಎಲ್ಲರೂ ಸೀನಿದರು. ಪ್ರತಿ ಸಲವೂ ಏರುವವಳು ಅನ್ನದಾನಮ್ಮ, ಜಾರುವವಳೂ ಅವಳೇ. ಕೊನೆಗೆ ಅವಳು ಮೇವಾಲಾಲನನ್ನು ಕೇಳಿದಳು, ತನ್ನ ಅರೆಬರೆ ಹಿಂದಿಯಲ್ಲಿ: ಪ್ರವಾಹಕ್ಕೆ ಎದುರಾಗಿ ದೋಣಿ ಒಯ್ಯುವಾಗ ಏನು ಮಾಡುತ್ತೀರಿ?

ದಡದಿಂದ ಹಗ್ಗ ಕಟ್ಟಿ ಎಳೆಯುತ್ತೇವೆ ಎಂದ ಅವನು.

"ಎಳಿಯೂದ್ ನಾ ಎಳಕೋತೀನಿ. ಹಗ್ಗಾ ಒಳಗ ಯಾವುದಕ್ಕರ ಕಟ್ರಿ. ಅಲುಗಾಡದ್ದಕ್ಕ."

ಕಾತ್ಯಾಯನಿ ಹಗ್ಗ ಹಿಡಿದು ಒಳಗೆ ಹೋದಳು. ಈಗ ದಾರಿ ಬಿಟ್ಟಿದ್ದಳಲ್ಲ ಅನ್ನದಾನಮ್ಮ. ಒಳಗಿದ್ದ ಮೇಜುಗಳು ಹಗ್ಗ ಮುಟ್ಟಿದರೇ ಕಿರುಗುಟ್ಟಿದವು. ಗಾಜಿನ ಪೆಟ್ಟಿಗೆಗಳ ಮಾತೇ ಬೇಡ. ಇಡೀ ಸಂಗ್ರಹಾಲಯದಲ್ಲಿ ಅಲುಗಾಡದ ವಸ್ತು ಒಂದೇ.

"ಬೀಸುವ ಕಲ್ಲಿಗೇ!" ಎಂದು ಶಂಭುಲಿಂಗಯ್ಯನವರು ಹೌಹಾರಿದರು. "ಅದು ಪ್ರದರ್ಶನದ ವಸ್ತು!"

"ನೀವೇ ಕೀಳಿಸೋಕೆ ನೋಡಿದ್ರಿ, ಬರಲಿಲ್ಲ ಅಲ್ವಾ?" ಎಂದು ಒಳಗಿನಿಂದ ಕಾತ್ಯಾಯನಿ ಕೇಳಿ, ಅಡಿಕಲ್ಲಿಗೆ ಹಗ್ಗವನ್ನು ಬಿಗಿದು, ಇನ್ನೊಂದು ತುದಿ ಹೊರಗೆ ಎಸೆದಳು.

ಅನ್ನದಾನಮ್ಮ ಹಗ್ಗವನ್ನು ಒಮ್ಮೆ ಜಗ್ಗಿ ನೋಡಿದಳು. ಅದು ಜಗ್ಗಲಿಲ್ಲ. ಎದೆಯ ಮೇಲಿನ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡಳು. ಆಮೇಲೆ ಒಂದು ಕೈಯ ಮುಂದೆ ಇನ್ನೊಂದು ಕೈ ಹಾಕುತ್ತ ಎಳೆದುಕೊಳ್ಳತೊಡಗಿದಳು. ಹಲಗೆ ಕಿರ್ರೆಂದಿತು, ಗಾಲಿ ಒಮ್ಮೆ ಪಕ್ಕಕ್ಕೆ ಹೊರಳಿತು, ಅಂಗಳದಲ್ಲಿದ್ದವರ ಕೈಗಳೆಲ್ಲ ತಾವಾಗಿ ಮುಂದೆ ಬಂದು ಹಾಗೇ ನಿಂತವು. ಅವಳ ಅವ್ವ ಬೀಸುತ್ತಿದ್ದ, ಹೂತಲ್ಲಿಂದ ಅಲುಗಾಡದ ಕಲ್ಲು ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹೊಸ್ತಿಲ ಮೇಲೆ ಬಂದಾಗ ಅವಳು ಒಂದು ಕ್ಷಣ ನಿಂತು, ಕೈಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಾಯಿ, ಇದ್ದಲ್ಲೇ ಇರು," ಎಂದು ಹೇಳಿ, ಕಾತ್ಯಾಯನಿ ಒಳಬದಿಗೆ ಒರಗಿಸಿದ್ದ ಮಠದ ಹಲಗೆಯೊಂದರ ಮೇಲೆ ಒಳಗಿಳಿದಳು. ಗಡಗಡನೆ ಸದ್ದಾಯಿತು. ಗಾಜಿನ ಪೆಟ್ಟಿಗೆಗಳು ಝಲ್ಲೆಂದವು.

ಹೊರಗೆ ಶಹನಾಯಿಯವನು ಯಾರೂ ಹೇಳದೆ ನುಡಿಸತೊಡಗಿದ. ಹ್ಯಾಗೂ ಬಂದಿದ್ದನಲ್ಲ.

ಶಂಭುಲಿಂಗಯ್ಯನವರು ಸ್ವಾಮಿಗಳ ಹಿಂದೆ ಒಳಗೆ ಬಂದು, ಎಲ್ಲವೂ ತಮ್ಮ ಯೋಜನೆಯಂತೆಯೇ ನಡೆಯಿತೆಂಬ ಗತ್ತಿನಲ್ಲಿ, "ಹೇಗಿದೆ ನಮ್ಮ ಸಂಗ್ರಹಾಲಯ?" ಎಂದರು.

ಅನ್ನದಾನಮ್ಮ ಗಾಲಿ ತಿರುಗಿಸಿ ಸುತ್ತಲೂ ನೋಡಿದಳು. "ಮೇಜಿನ ಕಾಲು ಭಾಳ ಅದಾವ್ರಿ."

"ಮತ್ತೆ?"

"ಮತ್ತ ಮೇಜಿನ ತಳಾ. ಜೇಡ ಬಲಿ ಕಟ್ಟೈತಿ."

"ಪಾದುಕೆ? ತಾಳೆಗರಿ? ಫಲಕ?"

"ಎಲ್ಲಿ ಅದಾವ್ರಿ?"

"ಇದು ಉದ್ಧಟತನ," ಎಂದರು ಅವರು. "ಎಲ್ಲವೂ ಎದ್ದು ಕಾಣುವಂತೆ ಇದೆ."

"ಎದ್ದವ್ರಿಗೆ ಕಾಣತಾವ." ಅವಳು ಬೀಸುವ ಕಲ್ಲಿನ ಪಕ್ಕಕ್ಕೆ ಹೋಗಿ, ತೋಳಿನ ಮೇಲೆ ಮೈಯೆತ್ತಿ ನೆಲಕ್ಕಿಳಿದು ಕೂತು, ಖಾಲಿ ಹಲಗೆಯನ್ನು ಅವರ ಕಡೆಗೆ ತಳ್ಳಿದಳು. ಅದು ಗಡಗಡನೆ ಬಂದು ಅವರ ಮುಂದೆ ನಿಂತಿತು. "ಕೂಡ್ರಿ. ನೀವ ನೋಡ್ರಿ."

ಬಳಗದವರೆಲ್ಲ ಅವರ ಮುಖ ನೋಡಿದರು. ಸ್ವಾಮಿಗಳು ಛಾವಣಿ ನೋಡಿದರು, ಆದರೆ ತುಟಿ ಬಿಗಿಹಿಡಿದುಕೊಂಡಿದ್ದರು. ಶಂಭುಲಿಂಗಯ್ಯನವರಿಗೆ ಬೇರೆ ದಾರಿ ಉಳಿಯಲಿಲ್ಲ. ಶಾಲನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು, ಮೇವಾಲಾಲನ ಕೈ ಹಿಡಿದು, ಗೋದಾಮಿಗೆ ಮೂಟೆ ಇಳಿಸುವ ಹಾಗೆ ತಮ್ಮನ್ನು ತಾವೇ ಹಂತಹಂತವಾಗಿ ಇಳಿಸಿ, ಹಲಗೆಯ ಮೇಲೆ ಕೂತರು.

ಎದುರಿಗೆ ನಿಜಕ್ಕೂ ಮೇಜಿನ ಕಾಲುಗಳೇ ಇದ್ದವು. ಪಾದುಕೆಗಳಿದ್ದ ಕಡೆ ಅವುಗಳ ಪೆಟ್ಟಿಗೆಯ ತಳ. ತಾಳೆಗರಿ ಇದ್ದ ಕಡೆ ಬಡಗಿ ಪೆನ್ಸಿಲಿನಲ್ಲಿ ಬರೆದು ಅಳಿಸದೆ ಬಿಟ್ಟ ಗೀಟು. ಅವರು ಮೆಲ್ಲಗೆ ಗಾಲಿ ಹೊರಳಿಸಿ ಎದುರು ಗೋಡೆಗೆ ತಿರುಗಿದರು. ಅಲ್ಲಿ ಅಮೃತಶಿಲೆಯ ಫಲಕವಿತ್ತು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು, ಕೆಳಗಿನಿಂದ ನೋಡುವವರಿಗೆ ಬರೀ ಬಿಳಿಯ ಹೊಳಪು. ಅವರು ಕನ್ನಡಕ ತೆಗೆದು ಒರೆಸಿಕೊಂಡು ನೋಡಿದರು. ಕತ್ತು ಓರೆ ಮಾಡಿ ನೋಡಿದರು. ಗುರುಗಳ ಹೆಸರೂ ಕಾಣಲಿಲ್ಲ. ಅದರ ಕೆಳಗಿನ ಹೆಸರೂ ಕಾಣಲಿಲ್ಲ.

"ಇದು," ಎಂದರು ಶಂಭುಲಿಂಗಯ್ಯನವರು. ಅವರ ಧ್ವನಿಯಲ್ಲಿ ಧ್ವನಿವರ್ಧಕ ಕೆಟ್ಟಿತ್ತು. "ಇದು ಅನ್ಯಾಯ. ಇದನ್ನೆಲ್ಲ ಕೆಳಕ್ಕೆ ಇಳಿಸಬೇಕು. ನಾಳೆಯೇ. ಮೊದಲು ಫಲಕ."

"ಫಲಕ ಆಮೇಲೆ ಇಳಿಸಿದ್ರೂ ನಡೀತದೆ," ಎಂದಳು ಕಾತ್ಯಾಯನಿ. "ಮೊದಲು ಮೇಜು. ಹೊಸ್ತಿಲ ಹಲಗೆಗೆ ಎರಡೂ ಕಡೆ ಅಂಚು ಹೊಡೆಸಬೇಕು. ಹಗ್ಗ ಅಲ್ಲೇ ಇರಲಿ." ಮೇವಾಲಾಲ ರಾಮನಗರದ ತನ್ನ ಕೋಣೆಯ ಬಾಗಿಲನ್ನು ನೆನಪು ಮಾಡಿಕೊಳ್ಳುತ್ತಿದ್ದ, ಅಲ್ಲಿರುವ ಹಲಗೆಗೂ ಅಡ್ಡಪಟ್ಟಿಗಳಿವೆ ಎಂದು ತನಗೇ ಹೇಳಿಕೊಂಡ. ಮುಂದಿನ ತಿಂಗಳು ಅಲ್ಲಿಗೆ ಬಂದು ನೋಡುವೆಯಾ ದೀದಿ ಎಂದು ಕೇಳಿದ.

"ಬರತೇನಿ. ಸೇತುವಿ ಮ್ಯಾಲೆ ನನ್ನ ಗಾಲಿ ಓಡತೈತಿ," ಎಂದಳು ಅನ್ನದಾನಮ್ಮ. ಆದರೆ ಅವಳ ಗಮನ ಅಲ್ಲಿರಲಿಲ್ಲ. ಅವಳು ಕಲ್ಲಿನ ಗೂಟವನ್ನು ಸೆರಗಿನಿಂದ ಒರೆಸುತ್ತಿದ್ದಳು. ಸ್ವಾಮಿಗಳ ಪ್ರವೇಶಕ್ಕೆಂದು ಕಲ್ಲಿನ ಪಕ್ಕದಲ್ಲಿ ಇಟ್ಟಿದ್ದ ಪೂಜೆಯ ತಟ್ಟೆಯಿಂದ ಒಂದು ಹಿಡಿ ಅಕ್ಷತೆಯ ಅಕ್ಕಿ ತೆಗೆದು ಕಲ್ಲಿನ ಬಾಯಿಗೆ ಹಾಕಿದಳು.

"ಏಯ್, ಏಯ್!" ಎಂದರು ಶಂಭುಲಿಂಗಯ್ಯನವರು. ಏಳಲು ನೋಡಿದರು, ಹಲಗೆ ಮುಂದಕ್ಕೆ ಓಡಿತು, ಅವರು ಹಿಂದಕ್ಕೆ ಬಾಗಿ ಮತ್ತೆ ಕೂತರು. "ಅದನ್ನು ಮುಟ್ಟುವ ಹಾಗಿಲ್ಲ! ಅಲ್ಲೇ ಬರೆದು ತೂಗಿಬಿಟ್ಟಿದೆಯಲ್ಲ!"

"ಹೌದೇನ್ರಿ? ನನಗ ಕಾಣವೊಲ್ದು," ಎಂದಳು ಅನ್ನದಾನಮ್ಮ. "ಏನ್ ಬರದೀರಿ? ಓದಿ ಹೇಳ್ರಿ."

ಶಂಭುಲಿಂಗಯ್ಯನವರು ತಲೆಯೆತ್ತಿದರು. ಮೇಲೆ ಗೋಡೆಯಲ್ಲಿ ಒಂದು ಹಲಗೆ ಇದ್ದದ್ದು ನಿಜ. ಅದರ ಕೆಳಗಿನ ಅಂಚು ಕಾಣಿಸಿತು, ತೂಗಿಬಿಟ್ಟ ತಂತಿ ಕಾಣಿಸಿತು. ಕಿಟಕಿಯ ಹೊಳಪಿನಲ್ಲಿ ಅಕ್ಷರ ಒಂದೂ ಕಾಣಲಿಲ್ಲ. ಅವರು ಪ್ರಾಮಾಣಿಕ ಮನುಷ್ಯರು. ಕಾಣದ್ದನ್ನು ಓದಲು ಅವರಿಂದಾಗಲಿಲ್ಲ.

"ಬರ್ರಿ ಈ ಕಡೆ," ಎಂದಳು ಅವಳು, ಗೂಟದ ಒಂದು ಬದಿ ಹಿಡಿದು ಇನ್ನೊಂದು ಬದಿ ಬಿಟ್ಟುಕೊಡುತ್ತ. "ಒಬ್ಬರಿಂದ ಆಗೂದಿಲ್ಲ ಇದು. ಕಾಲು ಬ್ಯಾಡ, ಕೈ ಕೊಡ್ರಿ."

ಅವರು ಕುಳಿತಲ್ಲೇ ಅಂಗೈಯಿಂದ ನೆಲವನ್ನು ತಳ್ಳುತ್ತ, ಗೋಡೆಗೆ ಒಮ್ಮೆ ಬಡಿದು, ಹೇಗೋ ಕಲ್ಲಿನ ಆಚೆ ಮಗ್ಗುಲಿಗೆ ಬಂದು ಗೂಟ ಹಿಡಿದರು. ಕಲ್ಲು ಮೊದಲು ಗೊಣಗಿತು. ಆಮೇಲೆ ತಿರುಗಿತು.

"ಇನ್ನಾ ಜೋರ್ ಹಚ್ರಿ," ಎಂದಳು ಅನ್ನದಾನಮ್ಮ. "ಎಷ್ಟ್ ಮೆತ್ತಗ ಅದಾವ ನಿಮ್ಮ ಕೈ."

ಸಭೆಗೆಂದು ಕಲ್ಲಿನ ಸುತ್ತ ಹಾಸಿದ್ದ ಹೊಸ ಕೆಂಪು ಜಮಖಾನೆಯ ಮೇಲೆ, ರೇಷ್ಮೆ ಶಾಲಿನ ಅಂಚಿನ ಮೇಲೆ, ಬಿಳಿಯ ಹಿಟ್ಟು ಉದುರತೊಡಗಿತು.